ಸ್ಕ್ಯಾನ್ ಆಯಿತು, ಕಡತ ಎಲ್ಲಿ?

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅರಮನೆಯ ಪಕ್ಕದ ದಿವಾನಖಾನೆಯನ್ನು ಕಣ್ಣಿಟ್ಟು ನೋಡಿದ್ದಾನೆ. ಕಂಬಗಳ ದೊಡ್ಡ ಮಂಟಪ, ಅದರ ಮುಂದೆ ಆಳೆತ್ತರಕ್ಕೂ ಮೀರಿದ ಜಗಲಿ, ಉದ್ದ 30 ಗಜ, ಅಗಲ 6 ಗಜ. ರಾಜ್ಯದ ದಾಖಲೆಗಳು ಇದ್ದದ್ದು ಆ ಜಗಲಿಯ ಮೇಲೆ, ಕರಣಿಕರು ಕೂತಿದ್ದೂ ಅಲ್ಲೇ. ಬರವಣಿಗೆ ಎರಡು ಬಗೆ ಎಂದು ಅವನು ಗುರುತು ಹಾಕಿಕೊಂಡ. ಒಂದು, ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಬಳಪದಿಂದ ಬರೆಯುವುದು. ಮೊದಲನೆಯದು ಹೆಚ್ಚು ಕಾಲ ನಿಲ್ಲದು, ಎರಡನೆಯದು ನಿಲ್ಲುತ್ತದೆ ಎಂದು ಅವನ ಅಂದಾಜು. ನಮ್ಮ ಶಾನುಭೋಗರು, ವರ್ತಕರು 19ನೆಯ ಶತಮಾನದಲ್ಲೂ ಬಳಸುತ್ತಿದ್ದ ಕಡತ ಇದೇ.

ಆ ಜಗಲಿಯ ದಫ್ತರ ನಮ್ಮ ಕಾಲಕ್ಕೆ ಉಳಿದು ಬರಲಿಲ್ಲ. ಉಳಿದದ್ದು ಕಲ್ಲು ಮತ್ತು ತಾಮ್ರ. ವಿಜಯನಗರದ ತೆರಿಗೆ, ದಾನ, ನೀರಿನ ಹಕ್ಕು, ಜಾತ್ರೆಯ ಸುಂಕ, ಎಲ್ಲದಕ್ಕೂ ಇಂದು ನಾವು ಓದುವುದು ದೇವಸ್ಥಾನದ ಗೋಡೆಯನ್ನೋ ಕೆರೆಯ ಏರಿಯ ಮೇಲಿನ ಕಲ್ಲನ್ನೋ. ಹೀಗಾಗಿ ಆ ರಾಜಧಾನಿ ನಿಂತಿದ್ದ ಹಂಪಿ, ಹೊಸಪೇಟೆ ಸೀಮೆಯಲ್ಲಿ ದಾಖಲೆಯನ್ನು ಸೆರೆಹಿಡಿದು ಸೂಚಿ ಮಾಡುವ ಕೆಲಸಕ್ಕೆ ಕಂಪ್ಯೂಟರಿಗಿಂತ ಬಹಳ ಹಿಂದಿನ ಚರಿತ್ರೆ ಇದೆ. ಈಗ ಸರ್ಕಾರಿ ಕಚೇರಿಗಳಲ್ಲಿ ನಡೆದಿರುವ ಡಿಜಿಟಲೀಕರಣವನ್ನು ಆ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಚಿತ್ರ ತೆಗೆಯುವ ವಿದ್ಯೆಯಲ್ಲಿ ನಾವು ಬಹಳ ಮುಂದೆ ಹೋಗಿದ್ದೇವೆ. ನಾಳೆ ಬಂದು ಕೇಳುವವನು ಯಾವ ಹೆಸರು ಹಿಡಿದು ಕೇಳಿಯಾನು ಎಂದು ಊಹಿಸಿ ಸೂಚಿ ಕಟ್ಟುವ ವಿದ್ಯೆಯಲ್ಲಿ ಮಾತ್ರ ನೂರು ವರ್ಷದ ಹಿಂದಿನ ಶಾಸನತಜ್ಞರಿಗಿಂತ ಹಿಂದಿದ್ದೇವೆ.

ಅವರು ಮಾಡಿದ್ದನ್ನು ಮೊದಲು ನೋಡೋಣ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಗೆ ಇಳಿಸಿ, ಮೇಲಿಂದ ಮಸಿ ಒತ್ತಿದರೆ ಪಡಿಯಚ್ಚು ಸಿದ್ಧ. ಅಕ್ಷರ ಬಿಳಿ, ಸುತ್ತಲೂ ಕಪ್ಪು. ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳನ್ನು ತಂದಾಗ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಅಂಕಿ ಕೊಟ್ಟರು. ಬೇಲೂರು 58, ಶಿಕಾರಿಪುರ 124 ಎಂಬ ಹಾಗೆ. ಆ ಎರಡು ಪದದ ವಿಳಾಸ ಇವತ್ತಿಗೂ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ನಡೆಯುತ್ತಿದೆ. ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟಗಳನ್ನು ತರುವಾಗ ಅಂಕಿಗಳು ಬದಲಾದವು, ಆದರೆ ಹಳೆಯ ಅಂಕಿಯನ್ನೂ ಜೊತೆಗೆ ಕೊಡುವ ಪದ್ಧತಿ ಇಟ್ಟುಕೊಂಡರು. 1920ರಲ್ಲಿ ಬರೆದ ಲೇಖನ ಹಿಡಿದು ಬಂದವನಿಗೂ ಹೀಗೆ ದಾರಿ ಸಿಗುತ್ತದೆ.

ಆದರೆ ರೈಸ್ ಮೈಸೂರು ಸಂಸ್ಥಾನದ ಅಧಿಕಾರಿ. ಹಂಪಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕನ್ನಡ ಶಾಸನಗಳ ಅತಿ ದೊಡ್ಡ ಸಂಗ್ರಹದಲ್ಲಿ ಕನ್ನಡದ ಅತಿ ದೊಡ್ಡ ರಾಜಧಾನಿಯೇ ಇಲ್ಲದೆ ಹೋದದ್ದು ಹೀಗೆ. ಹಂಪಿಯ ಶಾಸನಗಳು ಎಪಿಗ್ರಾಫಿಯ ಇಂಡಿಕದಲ್ಲಿ ಕೆಲವು, ವಾರ್ಷಿಕ ವರದಿಗಳಲ್ಲಿ ಕೆಲವು, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ನಾಲ್ಕನೆಯ ಸಂಪುಟದಲ್ಲಿ ಕೆಲವು ಎಂದು ಚದುರಿದವು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆಂದೇ ಒಂಬತ್ತನೆಯ ಸಂಪುಟ ಎರಡು ಭಾಗದಲ್ಲಿ ಬಂದದ್ದು 1939 ಮತ್ತು 1941ರಲ್ಲಿ. ಹೊಳೆಯ ಆಚೆ ದಡದ ಆನೆಗೊಂದಿ ನಿಜಾಮರದು. ಆ ಕಡೆಯ ಕೆಲಸ ಹೈದರಾಬಾದಿನ ಪುರಾತತ್ವ ಇಲಾಖೆಯ ಪಾಲು. ಒಂದೇ ಊರಿನ ಎರಡು ದಂಡೆಗೆ ಎರಡು ಸೂಚಿ! ಇವನ್ನು ಒಂದು ಕಡೆ ತರಲು ಹಂಪಿಯಲ್ಲೇ ಒಂದು ಸಂಸ್ಥೆ ಹುಟ್ಟಬೇಕಾಯಿತು. 1991ರಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯ ತನ್ನ ಶಾಸನ ಸಂಪುಟ ಮಾಲೆಯಲ್ಲಿ ಬಳ್ಳಾರಿ ಜಿಲ್ಲೆಯನ್ನು ಕೈಗೆತ್ತಿಕೊಂಡಿತು.

ಶಾಸನಗಳ ಕೆಲಸದಲ್ಲಿ ಕಲಿಯಬೇಕಾದ ಇನ್ನೊಂದು ಪಾಠ ಕಾಲದ್ದು. ವಿರೂಪಾಕ್ಷ ದೇವಸ್ಥಾನದ ಕೃಷ್ಣದೇವರಾಯನ ಶಾಸನದಲ್ಲಿ ಶಕವರ್ಷ 1430, ಶುಕ್ಲ ಸಂವತ್ಸರ, ಮಾಘಮಾಸ ಎಂದಿದೆ. ಶಕವರ್ಷವನ್ನು ಕಳೆದದ್ದೆಂದು ಎಣಿಸಬೇಕೋ ನಡೆಯುತ್ತಿರುವುದೆಂದೋ ಎಂಬುದರ ಮೇಲೆ ಒಂದು ವರ್ಷ ಆಚೀಚೆ ಆಗುತ್ತದೆ. ಸಂವತ್ಸರವನ್ನು ತಾಳೆ ನೋಡಿಯೇ 1509–10 ಎಂದು ನಿಲ್ಲಿಸಿದ್ದಾರೆ. ಒಳ್ಳೆಯ ಸಂಪಾದಕ ಕಲ್ಲಿನ ಮೇಲಿನ ತೇದಿಯನ್ನು ಹಾಗೆಯೇ ಇಟ್ಟು, ತನ್ನ ಲೆಕ್ಕವನ್ನು ಪಕ್ಕದಲ್ಲಿ ಬರೆಯುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ತಾಲ್ಲೂಕು ಕಚೇರಿಯಲ್ಲಿ ಬೇಕಾಗುತ್ತದೆ.

ಹಂಪಿಯಲ್ಲಿ ನಡೆದ ಸೂಚೀಕರಣದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಅವರು 1980ರಿಂದ ನಡೆಸಿದ ವಿಜಯನಗರ ಸಂಶೋಧನ ಯೋಜನೆ. ಅವರ ಮುಂದಿದ್ದ ಕಷ್ಟ ಯೋಚಿಸಿ. ಸಾವಿರಾರು ಕಟ್ಟಡ, ತಳಪಾಯ, ಮಂಟಪ, ಬಾಗಿಲು. ಹೆಸರಿರುವವು ಕೆಲವೇ, ಅವೂ ಗೈಡುಗಳು ಇಟ್ಟ ಹೆಸರು. ರಾಣಿಯ ಸ್ನಾನಗೃಹ ನಿಜವಾಗಿ ರಾಣಿಯದೋ ಯಾರಿಗೆ ಗೊತ್ತು? ಹೆಸರು ಹಿಡಿದು ಸೂಚಿ ಮಾಡಿದ್ದರೆ ತಪ್ಪು ಊಹೆಯೇ ಶಾಶ್ವತ ವಿಳಾಸವಾಗುತ್ತಿತ್ತು. ಅವರು ನೆಲವನ್ನು ಚೌಕಗಳಾಗಿ, ಚೌಕದೊಳಗೆ ಸಣ್ಣ ಚೌಕಗಳಾಗಿ ಹಂಚಿ, ಚೌಕಕ್ಕೆ ಅಕ್ಷರ, ಅದರೊಳಗಿನ ಪ್ರತಿ ರಚನೆಗೆ ಅಂಕಿ ಕೊಟ್ಟರು. ಇದು ದೇವಸ್ಥಾನವೋ ಛತ್ರವೋ ಎಂಬ ವಾದ ಮುಂದೆ ಹೇಗೆ ತೀರ್ಮಾನವಾದರೂ ಸಂಕೇತ ಅಲುಗುವುದಿಲ್ಲ. ರಾಜ್ಯ ಪುರಾತತ್ವ ನಿರ್ದೇಶನಾಲಯ 1990ರಲ್ಲಿ ಪ್ರಕಟಿಸಿದ ಮಿಶೆಲ್‌ರ ನಗರಕೇಂದ್ರದ ವಾಸ್ತು ದಾಖಲೆ ನಿಂತಿರುವುದು ಈ ಸಂಕೇತಗಳ ಮೇಲೆಯೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಹಂಪಿಯ ಫೋಟೋಗಳನ್ನು ಹಿಡಿದು ಅದೇ ಜಾಗಗಳಲ್ಲಿ ನಿಂತು 1983ರಲ್ಲಿ ಜಾನ್ ಗೋಲಿಂಗ್ಸ್ ಮತ್ತೆ ತೆಗೆದದ್ದೂ ಇದೇ ಯೋಜನೆಯ ನೆರಳಲ್ಲಿ. ಹಳೆಯ ಚಿತ್ರಕ್ಕೆ ಜಾಗದ ಗುರುತು ಸಿಕ್ಕಿದ ಮೇಲೆ ಅದು ಬರೀ ನೋಡುವ ಚಿತ್ರವಾಗಿ ಉಳಿಯಲಿಲ್ಲ, ಯಾವ ಗೋಪುರ ಎಷ್ಟು ಕುಸಿಯಿತು ಎಂದು ಹೇಳುವ ಸಾಕ್ಷಿಯಾಯಿತು.

ಈಗ ಕಲ್ಲಿನಿಂದ ಕಾಗದಕ್ಕೆ ಬರೋಣ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದವರಿಗೆ ಅದರ ಚೆಹರೆ ಗೊತ್ತು. ಕಬ್ಬಿಣದ ರ‍್ಯಾಕು, ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು, ಬಟ್ಟೆಯ ಮೇಲೆ ಊರಿನ ಹೆಸರು ಬರೆದ ಚೀಟಿ. ಇಲಾಖೆಯ ಪದ್ಧತಿಯಲ್ಲಿ ಕಡತ ಮುಕ್ತಾಯವಾದ ಮೇಲೆ ಅದಕ್ಕೆ ವರ್ಗ ಹಾಕುತ್ತಾರೆ. ಎ ವರ್ಗ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಒಂದು ವರ್ಷ. ಕಾಗದದ ಮೇಲೆ ಇದು ಚಂದದ ಏರ್ಪಾಡು. ವರ್ಗ ಹಾಕುವವರು ಕೈಗೆ ಬಂದದ್ದಕ್ಕೆಲ್ಲ ಎ ಹಾಕಿದರೆ ರೂಮು ತುಂಬುತ್ತದೆ, ಸಿ ಹಾಕಿದರೆ ಒಬ್ಬ ರೈತನ ಪೋಡಿ ಕಡತ ಹತ್ತು ವರ್ಷಕ್ಕೆ ಬೂದಿ.

ಈ ಸೀಮೆಯ ರೆಕಾರ್ಡ್ ರೂಮುಗಳಿಗೆ ಬೇರೆ ಕಡೆ ಇಲ್ಲದ ಒಂದು ತೊಡಕಿದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದು 1807ರವರೆಗೆ ಹೊಲ ಅಳೆಸಿದ. ಆಮೇಲಿನ ಒಂದೂವರೆ ಶತಮಾನ ಇಲ್ಲಿನ ಕಾಗದ ಮದ್ರಾಸಿನ ಜಾಯಮಾನದ್ದು: ಇನಾಮ್ ಜಮೀನಿಗೆ ಇನಾಮ್ ಫೇರ್ ರಿಜಿಸ್ಟರು ಮತ್ತು ಟಿ.ಡಿ. (ಟೈಟಲ್ ಡೀಡ್) ನಂಬರು, ಉಳಿದದ್ದಕ್ಕೆ ರೀಸೆಟ್ಲ್‌ಮೆಂಟ್ ರಿಜಿಸ್ಟರು, ಪಹಣಿಯಂಥ ಅಡಂಗಲ್. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ. ಅದು 1949ರ ಏಪ್ರಿಲ್ 1ರಂದು ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಜಿಲ್ಲೆಯ ಹಳೆಯ ಪತ್ರವ್ಯವಹಾರ ನೋಡಬೇಕೆಂದರೆ ಇವತ್ತಿಗೂ ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೆ ರೈಲು ಹತ್ತಬೇಕು.

ತೊಡಕು ಅಲ್ಲಿಗೆ ಮುಗಿಯಲಿಲ್ಲ. ಕಂಪ್ಲಿ ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಈಚೆಗೆ ತಾಲ್ಲೂಕುಗಳ ಮರುವಿಂಗಡಣೆಯಲ್ಲಿ ತಾನೇ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲೇ ಉಳಿದವು. ಅಂದರೆ ಕಂಪ್ಲಿಯ ಒಬ್ಬ ರೈತನ ಅಜ್ಜನ ಕಡತ ಹುಟ್ಟಿದ ಕಚೇರಿ ಇವತ್ತು ಬೇರೆ ಜಿಲ್ಲೆಯಲ್ಲಿದೆ. ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ಮರಳಿ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ. ಜನ ಕೂತಲ್ಲೇ ಕೂತಿದ್ದರು, ಓಡಾಡಿದ್ದು ಅವರ ಕಾಗದ.

ಭೂಮಿ ಯೋಜನೆ ಈ ಲೋಕಕ್ಕೆ ಮೊದಲ ಸಲ ಕಂಪ್ಯೂಟರ್ ತಂದಿತು. 2000ದ ಆಸುಪಾಸಿನಲ್ಲಿ ರಾಜ್ಯದ ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪ್ರತಿ ಸಿಗುವಂತಾಯಿತು. ಅದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಭೂಮಿ ಏರಿಸಿಕೊಂಡದ್ದು ಅಂದಿನ ಫಲಿತಾಂಶವನ್ನು. ಆ ಫಲಿತಾಂಶಕ್ಕೆ ಆಧಾರವಾದ ಮುಟೇಷನ್, ಮಂಜೂರಾತಿ ಆದೇಶ, ಕೈಬರಹದ ಪಹಣಿ ಕಟ್ಟಿನಲ್ಲೇ ಉಳಿದವು. ಬೆರಳಚ್ಚಿನಲ್ಲಿ ಒಂದು ಗುಂಟೆ ಹೆಚ್ಚುಕಡಿಮೆಯಾದರೆ ತಿದ್ದಿಸಲು ಮತ್ತೆ ಅದೇ ಕೆಂಪು ಬಟ್ಟೆ ಬಿಚ್ಚಬೇಕು. 2024ರಲ್ಲಿ ಕಂದಾಯ ಇಲಾಖೆ ಹಮ್ಮಿಕೊಂಡ ಭೂ ಸುರಕ್ಷಾ ಯೋಜನೆ ಕೈ ಹಾಕಿದ್ದು ಈ ಕಟ್ಟುಗಳಿಗೇ. ಮೊದಲು ಪ್ರತಿ ಜಿಲ್ಲೆಯ ಒಂದೊಂದು ತಾಲ್ಲೂಕು, ಆಮೇಲೆ ಉಳಿದವು.

ಕೆಲಸದ ಕ್ರಮ ಸರಳವಾಗಿ ಹೀಗೆ. ಕಟ್ಟು ಬಿಚ್ಚಿ ಧೂಳು ಹೊಡೆಯುವುದು, ಪಿನ್ನು, ಟ್ಯಾಗು ತೆಗೆಯುವುದು, ಪುಟಕ್ಕೆ ಸಂಖ್ಯೆ ಹಾಕುವುದು, ಸ್ಕ್ಯಾನ್ ಮಾಡುವುದು, ಕಡತದ ಮುಖ್ಯ ವಿವರ ಟೈಪು ಮಾಡುವುದು, ಇನ್ನೊಬ್ಬರು ತಾಳೆ ನೋಡುವುದು, ಮತ್ತೆ ಕಟ್ಟುವುದು. ಪುಡಿಯಾಗುವ ಕಾಗದವನ್ನು ರೋಲರಿನ ಯಂತ್ರಕ್ಕೆ ಹಾಕುವಂತಿಲ್ಲ, ಮೇಲಿಂದ ಕ್ಯಾಮೆರಾ ಇಟ್ಟು ತೆಗೆಯಬೇಕು. ಇವೆಲ್ಲ ದುಡ್ಡು, ತಾಳ್ಮೆ ಇದ್ದರೆ ಆಗುವಂಥವು. ಇಡೀ ಕ್ರಮದಲ್ಲಿ ಬುದ್ಧಿ ಬೇಡುವುದು ವಿವರ ಟೈಪು ಮಾಡುವ ಹಂತ ಒಂದೇ. ದುರದೃಷ್ಟಕ್ಕೆ ಇಂಥ ಕೆಲಸಗಳಲ್ಲಿ ಸಾಮಾನ್ಯವಾಗಿ ಹೊರಗುತ್ತಿಗೆಯ ಎಳೆಯರಿಗೆ ಪುಟದ ಲೆಕ್ಕದಲ್ಲಿ ಕೂಲಿ ಕೊಟ್ಟು ಮಾಡಿಸುವುದೂ ಅದನ್ನೇ. ಮೋಡಿ ಲಿಪಿಯಂತೆ ಹೆಣೆದುಕೊಂಡ ಶಾನುಭೋಗರ ಕೈಬರಹವನ್ನು ನಿವೃತ್ತ ಶಿರಸ್ತೇದಾರರು ಕಣ್ಣು ಕಿರಿದು ಮಾಡಿ ಓದಿಯಾರು. ಕೂಲಿಯ ಹುಡುಗ ಓದಲಾರ. ಅವನು ಕಟ್ಟಿನ ಮೇಲಿನ ಚೀಟಿಯಲ್ಲಿ ಇದ್ದಷ್ಟನ್ನು ಹೊಡೆದು ಮುಂದಕ್ಕೆ ಹೋಗುತ್ತಾನೆ.

ಇನ್ನು ಕೇಳಲು ಬರುವವರನ್ನು ನೋಡಿ. ಕಚೇರಿಗೆ ಗೊತ್ತಿರುವುದು ಕಡತ ಸಂಖ್ಯೆ, ವರ್ಷ, ವಿಷಯ ವಹಿಯ ಕ್ರಮಾಂಕ. ಜನರಿಗೆ ಗೊತ್ತಿರುವುದು ಅಪ್ಪನ ಹೆಸರು, ಊರು, ಹೊಲದ ಹೆಸರು. ಕಾಲುವೆ ಕೆಳಗಿನ ದೊಡ್ಡ ಹೊಲ, ಅಪ್ಪ ಸತ್ತ ವರ್ಷ ಖಾತೆ ಆಯಿತು, ಎನ್ನುತ್ತಾರೆ. ಹಳೆಯ ಕಾಗದ ಇದ್ದವರ ಬಳಿ ಇರುವುದು ಫಸಲಿ, ಅಂದರೆ ಕಂದಾಯದ ವರ್ಷ. ಮದ್ರಾಸಿನ ಫಸಲಿ ವರ್ಷ ಜುಲೈಗೆ ಶುರು. ಇಸವಿಯಿಂದ 590 ಕಳೆದರೆ ಸಿಗುತ್ತದೆ. ಫಸಲಿ 1350 ಎಂದರೆ 1940–41. ಸೂಚಿ ಮಾಡುವವರು 1350ನ್ನು ಹಾಗೆಯೇ ಇಸವಿಯ ಕಲಮಿನಲ್ಲಿ ಹೊಡೆದರೆ ಯಂತ್ರ ಅದನ್ನು ಬುಕ್ಕರಾಯನ ಕಾಲದ ಸನಿಹಕ್ಕೆ ಕಳಿಸುತ್ತದೆ! ನಗುವ ವಿಷಯವೇನೋ ಹೌದು. ಆದರೆ 1940 ಎಂದು ಮಾತ್ರ ಬರೆದು ಮೂಲದ ಫಸಲಿಯನ್ನು ಬಿಟ್ಟರೂ ಕಷ್ಟವೇ, ವಕೀಲರು ನಕಲು ಅರ್ಜಿಯಲ್ಲಿ ಬರೆಯುವುದು ಫಸಲಿಯನ್ನು. ಶಾಸನ ಸಂಪಾದಕರ ಹಾಗೆ ಎರಡನ್ನೂ ಇಡುವುದೊಂದೇ ದಾರಿ.

ಊರಿನ ಹೆಸರಿಗೂ ಇದೇ ಮಾತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹೊಸಪೇಟೆ ಎಂದೇ ಬರೆಯಬೇಕು; ಅದಕ್ಕೆ ಹಿಂದಿನ ಕಾಗದವೆಲ್ಲ ಹಾಸ್ಪೆಟ್. ಹುಡುಕುವಾಗ ಎರಡೂ ಸಿಗಬೇಕು. ಕಡತಗಳ ವಿವರಣೆಗೆ ಜಗತ್ತಿನಲ್ಲಿ ಬಳಕೆಯಲ್ಲಿರುವ ಡಬ್ಲಿನ್ ಕೋರ್ ಎಂಬ ಮಾದರಿಯಲ್ಲಿ 15 ಕಲಮುಗಳಿವೆ, ಸ್ಥಳಕ್ಕೂ ಕಾಲಕ್ಕೂ ಸೇರಿ ಇರುವುದು ಒಂದು. ನಮ್ಮಲ್ಲಿ ಅದು ಸಾಲದು. ಈಗಿನ ತಾಲ್ಲೂಕು, ಕಡತ ಹುಟ್ಟಿದಾಗಿನ ತಾಲ್ಲೂಕು, ಆಗಿನ ಆಡಳಿತ, ಟಿ.ಡಿ. ನಂಬರು, ಹಳೆಯ ಸರ್ವೆ ನಂಬರು, ಈಗಿನ ಹಿಸ್ಸಾ ಇಷ್ಟಕ್ಕಾದರೂ ಬೇರೆ ಬೇರೆ ಕಲಮು ಬೇಕು.

ಯಂತ್ರವೇ ಓದಿಕೊಳ್ಳುವುದಿಲ್ಲವೇ, ಸೂಚಿ ಏಕೆ ಎಂದು ಈಗ ಕೇಳುವವರು ಹೆಚ್ಚು. ಅಚ್ಚಾದ ಕನ್ನಡವನ್ನು ಗುರುತಿಸುವ ತಂತ್ರಾಂಶಗಳು ಸುಧಾರಿಸಿವೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಮೊದಮೊದಲು ಎಡವುತ್ತಿದ್ದವು, ಈಗ ಶುದ್ಧ ಅಚ್ಚಿನ ಪುಟವನ್ನು ಚೆನ್ನಾಗಿಯೇ ಓದುತ್ತವೆ. ಮಸುಕಾದ ಶಾಯಿ, ಕೈಬರಹ, ಒಂದೇ ಪುಟದಲ್ಲಿ ಕನ್ನಡ, ತೆಲುಗು, ಇಂಗ್ಲಿಷು, ಮೇಲೊಂದು ಮೊಹರು, ಇಂಥ ಪುಟದ ಮುಂದೆ ಅವು ಇನ್ನೂ ತಡವರಿಸುತ್ತವೆ. ಇದಕ್ಕಿಂತ ತಮಾಷೆ ಎಂದರೆ ಕಂಪ್ಯೂಟರಿನಲ್ಲೇ ಹುಟ್ಟಿದ ಕಡತಗಳ ಸ್ಥಿತಿ. ಯೂನಿಕೋಡ್ ರೂಢಿಗೆ ಬರುವ ಮೊದಲು ಕಚೇರಿಗಳಲ್ಲಿ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪತ್ರಗಳು ಕಣ್ಣಿಗೆ ಕನ್ನಡ. ಯಂತ್ರದೊಳಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ ಕಂಪ್ಲಿ ಎಂದು ಹುಡುಕಿದರೆ ಕಣ್ಣೆದುರಿಗಿರುವ ಕಂಪ್ಲಿಯೂ ಸಿಗದು. ಪರಿವರ್ತಕಗಳಿವೆ. ಓಡಿಸಿದರೆ ಆಯಿತು, ಓಡಿಸುವ ಜವಾಬ್ದಾರಿ ಯಾರದೆಂದು ಬರೆದಿರಬೇಕು ಅಷ್ಟೆ.

ಕಾನೂನಿನ ಆಸರೆ ಇಲ್ಲವೆನ್ನುವಂತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಎಲ್ಲರ ಬಾಯಲ್ಲಿರುವುದು ಅರ್ಜಿ ಮತ್ತು 30 ದಿನ. ಅದಕ್ಕೂ ಮೊದಲು 4(1)(ಎ) ಎಂಬ ಕಲಮು ಬರುತ್ತದೆ: ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳಿಗೆ ಪಟ್ಟಿ ಮತ್ತು ಸೂಚಿ ಮಾಡಿ, ಸಾಧ್ಯವಾದವನ್ನು ಕಂಪ್ಯೂಟರಿಗೆ ಏರಿಸಿಡಬೇಕು ಎನ್ನುತ್ತದೆ. ಅರ್ಜಿಗೆ ಕಡತ ಲಭ್ಯವಿಲ್ಲ ಎಂಬ ಹಿಂಬರಹ ಕೈಗೆ ಬಂದವರು ಈ ಕಲಮನ್ನು ಹಿಡಿದು ಮೇಲ್ಮನವಿ ಹೋಗಬಹುದು. ಹೋಗುವವರು ವಿರಳ.

ಸೂಚಿ ಇಲ್ಲದಿರುವುದರಿಂದ ಯಾರಿಗೆ ಲಾಭ ಎಂಬ ಪ್ರಶ್ನೆಗೆ ಸಂಡೂರಿನ ಬೆಟ್ಟಗಳಲ್ಲಿ ಉತ್ತರವಿದೆ. ಗಣಿ ಗುತ್ತಿಗೆಯ ನಕ್ಷೆ ಗಣಿ ಇಲಾಖೆಯಲ್ಲಿ, ಅರಣ್ಯದ ಗಡಿ ಅರಣ್ಯ ಇಲಾಖೆಯಲ್ಲಿ, ಹಳ್ಳಿಯ ನಕ್ಷೆ ಸರ್ವೆ ಕಚೇರಿಯಲ್ಲಿ, ಲಾರಿಯ ಪಾಸು ಚೆಕ್‌ಪೋಸ್ಟಿನಲ್ಲಿ, ಹಡಗಿಗೆ ಹೋದ ಅದಿರಿನ ಲೆಕ್ಕ ಬಂದರಿನಲ್ಲಿ. ಒಂದೊಂದು ಕಚೇರಿಯ ಕಾಗದವೂ ತನ್ನ ಮಟ್ಟಿಗೆ ಸರಿಯಾಗಿಯೇ ಕಾಣುತ್ತಿತ್ತು. ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಯ ಬಲವಿದ್ದದ್ದು ಈ ಕಾಗದಗಳನ್ನು ಒಂದರ ಎದುರು ಒಂದನ್ನು ಇಟ್ಟುದರಲ್ಲಿ: ಪರವಾನಗಿ ಇಷ್ಟು, ರಫ್ತು ಇಷ್ಟು, ನಡುವಿನದು ಎಲ್ಲಿಂದ ಬಂತು? 2011ರ ಜುಲೈ 27ರ ವರದಿ ಬೊಕ್ಕಸದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಜಂಟಿ ತಂಡ ಗುತ್ತಿಗೆಗಳ ಗಡಿಯನ್ನು ಮತ್ತೆ ಅಳೆಯಿತು, ಒತ್ತುವರಿಯನ್ನು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪು ನಿಂತದ್ದು ಆ ವಿಂಗಡಣೆಯ ಮೇಲೆ. ಈ ಐದು ಕಚೇರಿಯ ಕಾಗದಗಳಿಗೆ ಗುತ್ತಿಗೆ ಸಂಖ್ಯೆ ಎಂಬ ಒಂದೇ ಕೊಂಡಿ ಮೊದಲಿನಿಂದ ಇದ್ದಿದ್ದರೆ ಮೊದಲ ವರ್ಷವೇ ಗುಮಾಸ್ತರೊಬ್ಬರ ಕಣ್ಣಿಗೆ ವ್ಯತ್ಯಾಸ ಬೀಳುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಕಂಡದ್ದನ್ನು ಅವರು ಬರೆಯುತ್ತಿದ್ದರೇ ಎಂಬುದು ಬೇರೆ ಮಾತು.

ಹಸ್ತಪ್ರತಿಗಳ ಕಡೆ ಒಂದು ಸಣ್ಣ ತಿರುವು. ಓಲೆಗರಿಯ ಒಂದು ಕಟ್ಟಿನಲ್ಲಿ ಒಂದು ಕಾವ್ಯ, ನಡುವೆ ನಾಲ್ಕು ಗರಿ ವೈದ್ಯ, ಕೊನೆಗೆ ಯಾರದೋ ಸಾಲದ ಲೆಕ್ಕ ಇರುವುದು ಸಾಮಾನ್ಯ. ಕಟ್ಟಿಗೆ ಒಂದು ಸಂಖ್ಯೆ ಕೊಟ್ಟು ಮೊದಲ ಕೃತಿಯ ಹೆಸರು ಬರೆದರೆ ಉಳಿದೆರಡು ಇದ್ದೂ ಇಲ್ಲವಾಗುತ್ತವೆ. ಕಂದಾಯ ಕಡತದಲ್ಲೂ ಹೀಗೆಯೇ, ಒಂದು ಅರ್ಜಿಯ ಹಿಂದೆ ಮೂರು ಕುಟುಂಬಗಳ ವಂಶವೃಕ್ಷ ಅಂಟಿಕೊಂಡಿರುತ್ತದೆ. ಊರಿನ ಕಾಗದ ಊರಿನವರಿಗೇ ಸಿಗದೆ ಹೋದ ಕಥೆಯೂ ಒಂದಿದೆ. ಕಾಲಿನ್ ಮೆಕೆಂಝಿ 1799ರಲ್ಲಿ ಹಂಪಿಯ ಮೊದಲ ನಕ್ಷೆ ಬರೆಸಿದವನು. ಅವನ ಸಹಾಯಕರು ಊರೂರಿನ ಶಾನುಭೋಗರಿಂದ ಬರೆಸಿ ತಂದ ಕೈಫಿಯತ್ತುಗಳು ಅವನು 1821ರಲ್ಲಿ ತೀರಿದ ಮೇಲೆ ಲಂಡನ್, ಕಲ್ಕತ್ತ, ಮದ್ರಾಸ್ ಎಂದು ಹಂಚಿಹೋದವು. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕನ್ನಡ ಕೈಫಿಯತ್ತುಗಳನ್ನು ಅಚ್ಚು ಹಾಕಿಸಿದ ಮೇಲೆಯೇ ತಮ್ಮೂರಿನ ಬಗ್ಗೆ ತಮ್ಮ ಶಾನುಭೋಗ ಬರೆದದ್ದು ಇಲ್ಲಿನವರ ಕೈಗೆ ಸುಲಭವಾಗಿ ಸಿಕ್ಕಿತು.

ಒಂದು ಬಗೆಯ ದಾಖಲೆ ಈ ಚರ್ಚೆಗಳಲ್ಲಿ ಹೆಸರಿಗೂ ಬರುವುದಿಲ್ಲ: ಎಂಜಿನಿಯರುಗಳ ನಕ್ಷೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯುತ್ತಿರುವಾಗಲೇ ಆ ಕಂಡಿಗೆ ಅಳತೆಗೆ ತಕ್ಕ ತಡೆ ಗೇಟುಗಳನ್ನು ತಯಾರಿಸಿ ಇಳಿಸಿದರು. ಏಳು ದಶಕದ ಹಿಂದೆ ಕೂಡಿಸಿದ ಕಬ್ಬಿಣಕ್ಕೆ ಜೋಡಿ ಕಟ್ಟುವಾಗ ತೋಡಿನ ಅಗಲ, ತಟ್ಟೆಯ ದಪ್ಪ ನಿಮಿಷದಲ್ಲಿ ಕೈಗೆ ಸಿಗಬೇಕು. ಅಂಥ ನಕ್ಷೆಗೆ ಕಡತ ಸಂಖ್ಯೆ ಸಾಲದು, ಗೇಟಿನ ಸಂಖ್ಯೆ ಹೇಳಿದರೆ ಮೂಲ ನಕ್ಷೆ, ಆಮೇಲಿನ ದುರಸ್ತಿ, ಕೊನೆಯ ತಪಾಸಣೆ ಮೂರೂ ಒಟ್ಟಿಗೆ ಬರಬೇಕು. ಅಣೆಕಟ್ಟಿನ ಕೆಲಸ 1945ರಲ್ಲಿ ಮದ್ರಾಸೂ ಹೈದರಾಬಾದೂ ಆಳುತ್ತಿದ್ದ ಕಾಲದಲ್ಲಿ ಶುರುವಾಯಿತು. ಈಗ ಮಂಡಳಿಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಇವೆ. ಮುಳುಗಡೆಯಾದ ಹಳ್ಳಿಗಳ ಭೂಸ್ವಾಧೀನದ ಕಾಗದದಿಂದ ಹಿಡಿದು ಗೇಟಿನ ನಕ್ಷೆಯವರೆಗೆ ಎಲ್ಲಕ್ಕೂ ಸೇರಿ ಒಂದು ಸೂಚಿ ಆಗುವುದಾದರೆ ಅದನ್ನು ಇಡಲು ಹೊಸಪೇಟೆಗಿಂತ ಸರಿಯಾದ ಊರು ಬೇರೆ ಇಲ್ಲ. ಹೊಸ ಜಿಲ್ಲೆ ತನ್ನ ರೆಕಾರ್ಡ್ ರೂಮನ್ನು ಇನ್ನೂ ಜೋಡಿಸಿಕೊಳ್ಳುತ್ತಿರುವಾಗಲೇ, ಕಂಪ್ಲಿಯ ಹಳೆಯ ಕಟ್ಟುಗಳು ಯಾರ ಪಟ್ಟಿಗೆ ಎಂಬ ಮಾತಿನ ಜೊತೆಗೇ, ಇದನ್ನೂ ಕೇಳಿ ಇತ್ಯರ್ಥ ಮಾಡಿಕೊಳ್ಳಬಹುದು.